ಹನ್ನೊಂದನೇ ದಿನದ ಸ್ಕ್ಯಾನ್

ನಿನ್ನೆ ಆಳಂದದಿಂದ ಮೊದಲ ಬಸ್ಸಿಗೇ ಕಲಬುರಗಿಗೆ ಹೋಗಿದ್ದೆ. ಮುಟ್ಟಾಗಿ ಹನ್ನೊಂದನೇ ದಿನ, ಫಾಲಿಕಲ್ ಸ್ಕ್ಯಾನ್ ಇತ್ತು. ಫಾಲಿಕಲ್ ಅಂದರೆ ಅಂಡಾಶಯದಲ್ಲಿ ಅಂಡಾಣು ಬೆಳೆಯುವ ಸಣ್ಣ ನೀರಿನ ಚೀಲ. ಡಾಕ್ಟರ್ ಬಾಯಿ ಪರದೆಯನ್ನು ನನ್ನ ಕಡೆ ತಿರುಗಿಸಿ, "ನೋಡವಾ, ಒಂದು ಮುಂದ ಬಂದದ" ಅಂದರು. ಅಂಡಾಶಯದ ಅಂಚಿಗೆ ತೊಗರಿ ಕಾಳು ಪೋಣಿಸಿಟ್ಟ ಹಾಗೆ ಸಣ್ಣ ಕಪ್ಪು ಚುಕ್ಕೆಗಳು. ಅವುಗಳ ಮಧ್ಯೆ ಬಾರಿಹಣ್ಣಿನಂಥದು ಒಂದೇ ಒಂದು. 16 ಮಿಲಿಮೀಟರ್.

ಆ ಕಾಳುಗಳನ್ನೇ ನಮ್ಮ ಕಡೆ "ಗರ್ಭಕೋಶದಾಗ ನೀರಗುಳ್ಳಿ" ಅಂತಾರೆ. ಆಪರೇಷನ್ ಮಾಡಿ ತೆಗೆಸಬೇಕೇನೋ ಅಂತ ನಾನು ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದೇನೆ! ಅವು ಗಡ್ಡೆಯಲ್ಲ, ಅರ್ಧಕ್ಕೇ ಬೆಳವಣಿಗೆ ನಿಂತ ಫಾಲಿಕಲ್‌ಗಳು. ಒಳಗೆ ಅಂಡಾಣು ಇರುತ್ತದೆ, ಹಾರ್ಮೋನು ಏರುಪೇರಾಗಿ ಹೊರಗೆ ಬರುವುದಿಲ್ಲ, ಅಷ್ಟೇ. ಈ ತೊಂದರೆಗೇ ಪಿಸಿಓಎಸ್ ಅಂತ ಹೆಸರು. ಇದನ್ನು ಹೇಳುವವರು ಸಿಗಲು ನನಗೆ ಎರಡು ವರ್ಷ ಬೇಕಾಯಿತು. ಮೊದಲು ತೋರಿಸಿದ ಕಡೆ ತಿಂಗಳು ತಿಂಗಳು ಮುಟ್ಟು ಬರಿಸುವ ಮಾತ್ರೆ ಕೊಟ್ಟರು. ಮಕ್ಕಳು ಬೇಕು ಅಂತ ಬಂದವಳಿಗೆ ಅಂಡಾಣು ಬಿಡುಗಡೆ ಆಗುತ್ತಿದೆಯೋ ಇಲ್ಲವೋ ಯಾರೂ ನೋಡಲಿಲ್ಲ. ನಮ್ಮ ಮನೆಯವರಿಗೆ ಒಂದು ವೀರ್ಯ ಪರೀಕ್ಷೆ ಕೂಡ ಬರೆಯಲಿಲ್ಲ. ಈ ಸಿಟ್ಟು ನನಗಿನ್ನೂ ಇಳಿದಿಲ್ಲ.

ಈ ಡಾಕ್ಟರ್ ಬಾಯಿ ಮೊದಲ ದಿನವೇ ಇಬ್ಬರನ್ನೂ ಕೂರಿಸಿಕೊಂಡರು. ನಮ್ಮ ಮನೆಯವರ ಪರೀಕ್ಷೆ ಸರಿ ಬಂದ ಮೇಲೆ ನನಗೆ ಅಂಡಾಣು ಬೆಳೆಯಲು ಲೆಟ್ರೋಜೋಲ್ ಮಾತ್ರೆ ಬರೆದರು, ಐದು ದಿನ, ದಿನಕ್ಕೊಂದು. ಮೊಬೈಲ್‌ನಲ್ಲಿ ಹುಡುಕಿದರೆ ಸ್ತನ ಕ್ಯಾನ್ಸರ್ ಮಾತ್ರೆ ಅಂತ ಬಂತು, ಕೈ ನಡುಗಿತು. ಮರುದಿನವೇ ಹೋಗಿ ಕೇಳಿದೆ. ಬೇಜಾರಿಲ್ಲದೆ ಬಿಡಿಸಿ ಹೇಳಿದರು. 2011ರಲ್ಲಿ ನಮ್ಮ ದೇಶದಲ್ಲಿ ಬಂಜೆತನಕ್ಕೆ ಇದನ್ನು ಕೊಡಬಾರದು ಅಂತ ತಡೆದಿದ್ದರು, 2017ರಲ್ಲಿ ತಡೆ ತೆಗೆದರು. 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಪಿಸಿಓಎಸ್ ಇದ್ದ 750 ಹೆಣ್ಣುಮಕ್ಕಳಿದ್ದರು. ಇದೇ ಕೆಲಸದ ಹಳೆಯ ಮಾತ್ರೆ ಕ್ಲೋಮಿಫೆನ್ ತೆಗೆದುಕೊಂಡವರಲ್ಲಿ ನೂರಕ್ಕೆ 19 ಮಂದಿಗೆ ಮಗುವಾದರೆ, ಇದರಲ್ಲಿ 27ಕ್ಕಿಂತ ಹೆಚ್ಚು.

ನೂರಕ್ಕೆ ನೂರಲ್ಲ, ಗೊತ್ತು. ಹೋದ ತಿಂಗಳು 2.5 ಮಿಲಿಗ್ರಾಂಗೆ ಒಂದೂ ಬೆಳೆಯಲಿಲ್ಲ. ಬಸ್ಸಿನಲ್ಲಿ ಸೆರಗು ಮುಚ್ಚಿಕೊಂಡು ಅತ್ತಿದ್ದೆ. ಈ ಸಲ 5 ಮಿಲಿಗ್ರಾಂ. ನಾಳೆ ಮತ್ತೆ ಸ್ಕ್ಯಾನ್. 18 ಮಿಲಿಮೀಟರ್ ದಾಟಿದ್ದರೆ ಅಂಡಾಣು ಹೊರಬರಲು ಇಂಜೆಕ್ಷನ್.

ಸಂಜೆ ಮನೆಗೆ ಬಂದಾಗ ಅತ್ತೆ ರೊಟ್ಟಿ ಬಡಿಯುತ್ತಿದ್ದರು. "ಏನಂದ್ರವಾ?" ಅಂತ ಕೇಳಿದರು. ಹೆಬ್ಬೆರಳಿಗೆ ತೋರುಬೆರಳು ಹತ್ತಿರ ಹಿಡಿದು, "ಇಷ್ಟು ಆಗ್ಯದ್ರಿ" ಅಂದೆ. ಹಿಟ್ಟಿನ ಕೈಯಲ್ಲೇ ನನ್ನ ಬೆರಳುಗಳನ್ನು ಹಿಡಿದು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ನಾಡಿದ್ದ ನಾನೂ ಬರ್ತೀನಿ" ಅಂದರು.