ಸೂಜಿ ಪರೀಕ್ಷೆ: ಕ್ರೇಪ್, ಖಣ, ಬನಿಯನ್ ಬಟ್ಟೆ, ಜೀನ್ಸ್ ಮುಗಿದವು

ಯಾವ ಬಟ್ಟೆಗೆ ಯಾವ ಸೂಜಿ ಎಂದು ನೋಡುವ ಪರೀಕ್ಷೆ ಇದು. ಹೊಲಿಗೆ ಮಷಿನ್ ಒಂದೇ, ದಾರವೂ ಒಂದೇ ಪಾಲಿಯೆಸ್ಟರ್. ಬದಲಾಗುವುದು ಬಟ್ಟೆ ಮತ್ತು ಸೂಜಿ. 10×15 ಸೆಂ.ಮೀ. ಅಳತೆಯ ಎರಡು ತುಂಡು ಜೋಡಿಸಿ, ಒಂದೊಂದು ಸೂಜಿಗೆ ಒಂದೊಂದು ಸಾಲು, ಪಕ್ಕದಲ್ಲೇ ಪೆನ್ಸಿಲ್‌ನಲ್ಲಿ ಸೂಜಿಯ ನಂಬರ್. ದಾರದ ಬಿಗಿ ಹೊಂದಿಸುವ ಟೆನ್ಷನ್ ತಿರುಪನ್ನು ಬೇಕೆಂದೇ ಮುಟ್ಟಿಲ್ಲ. ಹೊಲಿಗೆ ಕೆಟ್ಟರೆ ಎಲ್ಲರ ಕೈ ಮೊದಲು ಹೋಗುವುದು ಅಲ್ಲಿಗೇ, ತಪ್ಪು ಬಹಳ ಸಲ ಇರುವುದು ಸೂಜಿಯಲ್ಲಿ.

ಪೊಟ್ಟಣದ ಮೇಲೆ 90/14 ಎಂದಿದ್ದರೆ ಸೂಜಿಯ ಕಡ್ಡಿಯ ದಪ್ಪ 0.90 ಮಿ.ಮೀ. ಅಂಗಡಿಯಲ್ಲಿ ಅದೇ 14 ನಂಬರ್. ಮನೆ ಮಷಿನ್‌ಗೆ ಬುಡದ ಒಂದು ಮಗ್ಗುಲು ಚಪ್ಪಟೆಯಾಗಿರುವ ಎಚ್‌ಎ×1 ಸೂಜಿ ಬೇಕು. ಗುಂಡು ಬುಡದ ಡಿಬಿ×1 ಕಾರ್ಖಾನೆ ಮಷಿನ್‌ನದು. ಸೂಜಿಯ ಮೈಮೇಲೆ ಉದ್ದ ಗೀರು ಇರುವ ಕಡೆಯಿಂದ ದಾರ ಪೋಣಿಸಬೇಕು. ತಿರುಗುಮುರುಗಾದರೆ ಹೊಲಿಗೆಯೇ ಬೀಳುವುದಿಲ್ಲ.

ಮೈಸೂರು ರೇಷ್ಮೆ ಕ್ರೇಪ್: 14 ನಂಬರ್ ಸಾಲನ್ನು ಬಿಚ್ಚಿ ಇಸ್ತ್ರಿ ಮಾಡಿದರೂ ತೂತು ಮುಚ್ಚಲಿಲ್ಲ. 11ರ ಸಾಮಾನ್ಯ ಸೂಜಿಯಲ್ಲಿ ತೂತಿಲ್ಲ, ಆದರೆ ಹೊಲಿಗೆಗೆ ಅಡ್ಡವಾಗಿ ಒಂದು ಎಳೆ ಜಗ್ಗಿ ಗೆರೆ ಮೂಡಿತು. ಮೊನೆ ಎಳೆಯನ್ನು ಚುಚ್ಚದೆ ತಳ್ಳುತ್ತಿದೆ ಎಂದರ್ಥ. ಚೂಪು ಮೊನೆಯ ಮೈಕ್ರೋಟೆಕ್ಸ್ 9 ಹಾಕಿದಾಗ ಸಾಲು ಶುದ್ಧ. ಹತ್ತಿ ಲೈನಿಂಗ್ ಸೇರಿದರೆ ಮೈಕ್ರೋಟೆಕ್ಸ್‌ನದೇ 11. ಮೊನೆಯನ್ನು ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡಿ. ಗೀರು ಬಿದ್ದರೆ ಆ ಸೂಜಿ ರೇಷ್ಮೆಗಿಲ್ಲ.

ಗುಳೇದಗುಡ್ಡ ಖಣ: 11 ಸಾಕು. ರವಿಕೆಯ ಕುತ್ತಿಗೆಯಲ್ಲಿ ಲೈನಿಂಗ್, ಪಟ್ಟಿ ಎಲ್ಲ ಸೇರಿ ದಪ್ಪವಾದ ಕಡೆ ಮಾತ್ರ 14.

ಬನಿಯನ್ ಬಟ್ಟೆಗೇ ಹೆಚ್ಚು ತುಂಡು ಖರ್ಚಾಯಿತು. ಸಾಮಾನ್ಯ 11ರಲ್ಲಿ ಹೊಲಿಗೆ ನಡುನಡುವೆ ಬಿಟ್ಟಿತು. ಸೂಜಿ ಕೆಳಗೆ ಹೋಗಿ ಎರಡು ಮಿ.ಮೀ. ಆಸುಪಾಸು ಮೇಲೇಳುವಾಗ ಕಣ್ಣಿನ ಹಿಂದೆ ದಾರ ಸಡಿಲಾಗಿ ಒಂದು ಕುಣಿಕೆ ಆಗುತ್ತದೆ. ಕೆಳದಾರ ಇರುವ ಶಟಲ್‌ನ ಕೊಕ್ಕೆ ಹಿಡಿಯುವುದು ಅದನ್ನೇ. ಬನಿಯನ್ ಬಟ್ಟೆ ಸೂಜಿಗೆ ಅಂಟಿಕೊಂಡು ಜೊತೆಗೇ ಮೇಲೇಳುವುದರಿಂದ ದಾರ ಸಡಿಲಾಗುವುದಿಲ್ಲ, ಕೊಕ್ಕೆ ಬರಿಗೈಲಿ ತಿರುಗುತ್ತದೆ. ಮೊನೆ ಹೆಣಿಗೆಯ ಎಳೆಯನ್ನು ಕಡಿದರೆ ಇನ್ನೊಂದು ತಾಪತ್ರಯ: ಒಗೆದ ಮೇಲೆ ಆ ತೂತು ಏಣಿಯಂತೆ ಹರಿಯುತ್ತದೆ. ಬಾಲ್ ಪಾಯಿಂಟ್ 11ರ ಉರುಟು ಮೊನೆ ಎಳೆಗಳ ನಡುವೆ ಜಾರಿಕೊಂಡು ಹೋಯಿತು; ಹತ್ತಿ ಟೀ ಶರ್ಟ್‌ಗೆ ಅಷ್ಟು ಸಾಕು. ಲೈಕ್ರಾ ಇರುವ ಲೆಗಿಂಗ್ಸ್‌ನಲ್ಲಿ ಅದೂ ಸೋತಿತು. ಅಲ್ಲಿ ಸ್ಟ್ರೆಚ್ 11 ಬೇಕಾಯಿತು. ಅದರ ಕಣ್ಣಿನ ಹಿಂದಿನ ತಗ್ಗು ಆಳವಾಗಿದ್ದು ಕೊಕ್ಕೆ ಹತ್ತಿರ ಬರುತ್ತದೆ. ನೇರ ಹೊಲಿಗೆ ಜಗ್ಗಿದರೆ ಪಟ್ಟನೆ ಕಿತ್ತುಬರುತ್ತದೆ, ಆದ್ದರಿಂದ ಅಗಲ 0.5, ಉದ್ದ 2.5 ಮಿ.ಮೀ. ಜಿಗ್‌ಜಾಗ್.

ಜೀನ್ಸ್: ಕಾಲಿನ ಅಂಚು ಮಡಚಿ ಬದಿ ಹೊಲಿಗೆ ದಾಟುವ ಗುಬ್ಬಿನಲ್ಲಿ 14 ನಂಬರ್ ಬಾಗಿ, ಸೂಜಿ ಇಳಿಯುವ ತೂತಿನ ತಗಡಿಗೆ ಬಡಿಯಿತು. ಮುರಿಯಲಿಲ್ಲ, ಆದರೆ ಬಾಗಿದ ಸೂಜಿಯನ್ನು ಮತ್ತೆ ಹಾಕಬಾರದು. ತಗಡಿನ ತೂತಿನ ಅಂಚಿಗೆ ಮುಳ್ಳು ಎದ್ದಿದೆಯೇ ಎಂದೂ ಬೆರಳಾಡಿಸಿ ನೋಡಬೇಕು. ಎದ್ದಿದ್ದರೆ ಆಮೇಲೆ ದಾರ ತುಂಡಾಗುತ್ತಲೇ ಇರುತ್ತದೆ. ಜೀನ್ಸ್ 16 ಸೂಜಿ, 3 ಮಿ.ಮೀ. ಹೊಲಿಗೆ, ಗುಬ್ಬು ಬಂದಾಗ ಕೈಯಿಂದ ಚಕ್ರ. ಬಟ್ಟೆ ಒತ್ತಿಹಿಡಿಯುವ ಫೂಟ್ ಮುಂದೆ ಎದ್ದು ಓರೆಯಾದರೆ ಅದರ ಹಿಂಬದಿಗೆ ಅಷ್ಟೇ ದಪ್ಪದ ಮಡಚಿದ ಚಿಂದಿ ಇಟ್ಟರೆ ಮಟ್ಟಸವಾಗುತ್ತದೆ.

ಬಾಕಿ ಇರುವುದು ಜರಿ ಅಂಚು ಮತ್ತು ರೆಕ್ಸಿನ್. ರೆಕ್ಸಿನ್‌ನಲ್ಲಿ ಬಿದ್ದ ತೂತು ಹಾಗೇ ಉಳಿಯುವುದರಿಂದ ಪಿನ್ ಬದಲು ಕ್ಲಿಪ್ ಹಾಕಿ, 3.5 ಮಿ.ಮೀ. ಹೊಲಿಗೆಯಿಂದ ಶುರು.