ಎರೆ ಮಣ್ಣಿನ ಕೆಳಗೆ ಡೀಸೆಲ್ ಹುಡುಕುವಾಗ

ಸಿಂಧನೂರು, ಗಂಗಾವತಿ ಕಡೆ ಹಳೇ ಪೆಟ್ರೋಲ್ ಬಂಕಿನ ಜಾಗ ಮಾರಾಟಕ್ಕೆ ಬಂದರೆ ನಮ್ಮಂಥ ಮಣ್ಣು ಪರೀಕ್ಷೆಯವರಿಗೆ ಕರೆ ಬರುತ್ತದೆ. ಕಟ್ಟಡದ ಭಾರವನ್ನು ಮಣ್ಣು ಹೊರುತ್ತದೆಯಾ? ಹಳೇ ಟ್ಯಾಂಕು ಸೋರಿದೆಯಾ? ಎರಡಕ್ಕೂ ಒಂದೇ ಬೋರು ಹೊಡೆದು ಮುಗಿಸಿ ಅನ್ನುವುದು ಮಾಲೀಕರ ಆಸೆ.

"ಎರೆ ಭೂಮಿ ಸಾರ್, ನೀರೇ ಇಳಿಯಲ್ಲ, ಎಣ್ಣೆ ಎಲ್ಲಿಂದ ಇಳಿಯುತ್ತೆ?" ಈ ಮಾತು ಕೇಳದ ಸೈಟೇ ಇಲ್ಲ. ಅರ್ಧ ನಿಜ. ಒದ್ದೆ ಎರೆ ಉಬ್ಬಿ ಬಿಗಿಯಾಗುತ್ತದೆ. ಆದರೆ ಬೇಸಿಗೆಯಲ್ಲಿ ಅದೇ ನೆಲದ ಬಿರುಕಿನೊಳಗೆ ಕೈ ಹೋಗುತ್ತೆ ಅಲ್ವಾ? ಇನ್ನೊಂದು ವಿಷಯ, ಟ್ಯಾಂಕನ್ನು ಹೂಳುವಾಗ ಸುತ್ತ ಮರಳು ತುಂಬುತ್ತಾರೆ. ಎಷ್ಟೋ ಕಡೆ ಗುಂಡಿಯ ತಳ ಎರೆ ದಾಟಿ, ಸುಣ್ಣದ ಹರಳಿನ ಮಣ್ಣನ್ನೂ ದಾಟಿ, ಗರಸಿಗೆ, ಅಂದರೆ ಸಂದು ಜಾಸ್ತಿ ಇರುವ ಕಲ್ಲುಪುಡಿಯಂಥ ಮಣ್ಣಿಗೆ, ಮುಟ್ಟಿರುತ್ತದೆ. ಸೋರಿದ್ದು ಮರಳಿನಲ್ಲಿ ಇಳಿದು ಸೀದಾ ಗರಸು ಸೇರುತ್ತದೆ. ಮೇಲಿನ ಎರೆಗೆ ವಾಸನೆಯೂ ತಾಗಿರುವುದಿಲ್ಲ. ಮೇಲ್ಮಣ್ಣಷ್ಟೇ ಲ್ಯಾಬಿಗೆ ಕಳಿಸಿದರೆ ರಿಪೋರ್ಟ್ ಚೆನ್ನಾಗಿಯೇ ಬರುತ್ತದೆ!

ಹಾಗಾಗಿ ಪದರ ಎಲ್ಲಿ ಬದಲಾಗುತ್ತದೆ ಅನ್ನುವುದು ಮೊದಲು ಗೊತ್ತಾಗಬೇಕು. 63.5 ಕೆ.ಜಿ. ಸುತ್ತಿಗೆಯನ್ನು 75 ಸೆಂ.ಮೀ. ಮೇಲಿಂದ ಬೀಳಿಸಿ, ಕೊಳವೆ ಮಣ್ಣಿಗೆ ಇಳಿಯಲು ಎಷ್ಟು ಏಟು ಬೇಕು ಅಂತ ಎಣಿಸುತ್ತೇವಲ್ಲ, ಪಾಯಕ್ಕೆ ಬೇಕಾದ ಆ ಲೆಕ್ಕ ಇಲ್ಲೂ ಕೆಲಸಕ್ಕೆ ಬರುತ್ತದೆ. ಆದರೆ ಬೋರ್‌ವೆಲ್ ಲಾರಿ ಬೇಡ. ಅದರ ಗಾಳಿಗೆ ಪೆಟ್ರೋಲಿನ ಆವಿ ಹಾರಿಹೋಗುತ್ತದೆ, ಕಂಪ್ರೆಸರ್ ಎಣ್ಣೆ ಮಣ್ಣಿಗೆ ಬೆರೆಯುತ್ತದೆ. ಇದ್ದದ್ದು ಹೋಗಿ ಇಲ್ಲದ್ದು ಬಂದಂತೆ. ನೀರು ಹಾಕದೆ ಆಗರ್‌ನಲ್ಲಿ (ತಿರುಗಿಸಿ ಮಣ್ಣು ಕೊರೆಯುವ ಸುರುಳಿ ಬೈರಿಗೆ) ಕೊರೆಯುವುದು ನಿಧಾನ, ಆದರೂ ಅದೇ ಸರಿ.

ಈ ಭಾಗದಲ್ಲಿ ನಿಜವಾದ ತಲೆನೋವು ಕಾಲುವೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು ಭತ್ತದ ಗದ್ದೆ ತುಂಬಿದರೆ ಅಂತರ್ಜಲ ಮೇಲೇರುತ್ತದೆ. ಡೀಸೆಲ್ ಒಂದು ಲೀಟರಿಗೆ ಸುಮಾರು 830 ಗ್ರಾಂ ತೂಗುತ್ತದೆ, ನೀರಿನ ಮೇಲೆ ತೇಲುತ್ತದೆ. ನೀರು ಏರಿದಾಗ ಒಂದಷ್ಟು ಜೊತೆಗೆ ಏರುತ್ತದೆ, ಒಂದಷ್ಟು ಗರಸಿನ ಸಂದುಗಳಲ್ಲಿ ನೀರಿನ ಕೆಳಗೇ ಸಿಕ್ಕಿಕೊಳ್ಳುತ್ತದೆ. ನೀರು ಇಳಿದಾಗ ಅದು ಬಿಡಿಸಿಕೊಂಡು ಮತ್ತೆ ಒಟ್ಟುಗೂಡುತ್ತದೆ.

ಸಿಂಧನೂರಿನ ಹತ್ತಿರ ಒಂದು ಜಾಗಕ್ಕೆ ಬೇರೆಯವರು ಮೊದಲೇ 'ಎಣ್ಣೆ ಇಲ್ಲ' ಅಂತ ಬರೆದುಕೊಟ್ಟಿದ್ದರು. ಅವರು ನೋಡಿದ್ದು ಕಾಲುವೆ ಹರಿಯುವಾಗ. ಮೇಲಾಗಿ ನೀರು ನೋಡಲು ಬೋರಿಗೆ ಇಳಿಸಿದ್ದ ಪೈಪಿನ ರಂಧ್ರಗಳೆಲ್ಲ ನೀರಿನ ಮಟ್ಟಕ್ಕಿಂತ ಕೆಳಗಿದ್ದವು. ಮೇಲೆ ತೇಲುವ ಡೀಸೆಲ್ ಒಳಗೆ ಬರುವುದು ಹೇಗೆ? ನಾವು ನೀರು ಏರುವ, ಇಳಿಯುವ ಎರಡೂ ಮಟ್ಟಕ್ಕೆ ರಂಧ್ರ ಇರುವ ಪೈಪ್ ಇಳಿಸಿದೆವು. ಬೇಸಿಗೆಯಲ್ಲಿ ಕಾಲುವೆ ನಿಂತ ಮೇಲೆ ಅದರಲ್ಲಿ ಡೀಸೆಲ್ ಕಾಣಿಸಿಕೊಂಡಿತು. ಎಷ್ಟು ದಪ್ಪ ಅಂತ ಅಳೆದು ಹೆದರುವುದೂ ಬೇಡ. ಪೈಪಿನಲ್ಲಿ ಕಾಣುವ ದಪ್ಪ ಸಾಮಾನ್ಯವಾಗಿ ಮಣ್ಣಿನಲ್ಲಿ ಇರುವುದಕ್ಕಿಂತ ಜಾಸ್ತಿ.

ಅಕ್ಕಪಕ್ಕದ ಮನೆಯವರು ಬೋರಿನ ನೀರು ಕುಡಿಯುತ್ತಿದ್ದರೆ ಅದನ್ನೂ ಪರೀಕ್ಷೆ ಮಾಡಿಸಲೇಬೇಕು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಬೆಂಜೀನ್ (ಪೆಟ್ರೋಲಿನಲ್ಲಿರುವ ವಿಷಕಾರಿ ರಾಸಾಯನಿಕ) ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದು. ಅಷ್ಟು ಸಣ್ಣ ಪ್ರಮಾಣ ಮೂಗಿಗೆ ಸಿಗುವುದಿಲ್ಲ. ಸೀಸೆಯನ್ನು ಗಾಳಿಗುಳ್ಳೆ ಇಲ್ಲದಂತೆ ಅಂಚಿನವರೆಗೆ ತುಂಬಿ, ಐಸ್ ಪೆಟ್ಟಿಗೆಯಲ್ಲಿಟ್ಟು ಕಳಿಸುತ್ತೇವೆ. ರಾಯಚೂರಿನ ಮೇ ತಿಂಗಳ ಬಿಸಿಲಿಗೆ ಆ ಐಸ್ ಅರ್ಧ ದಾರಿಯಲ್ಲೇ ಕರಗುತ್ತದೆ. ಐಸ್ ಎರಡು ಪಟ್ಟು ಹಾಕಿಸಿ, ಆ ಖರ್ಚನ್ನು ಮೊದಲೇ ಬಿಲ್ಲಿಗೆ ಸೇರಿಸಿಕೊಳ್ಳಿ.