ಸುಮ್ನೆ ಬಿದ್ದಿದ್ದ ದುಡ್ಡು

ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಬ್ಯಾಂಕಿನ ಸಿಸಿ ಸಾಲ ಅಂದರೆ ಒಂದು ಮಿತಿಯೊಳಗೆ ಬೇಕಾದಾಗ ಬೇಕಾದಷ್ಟು ಎತ್ತಬಹುದಾದ ಸಾಲ. ನಮ್ಮ ಸಾವುಕಾರರು ಅದನ್ನು ಎಂದೂ ಪೂರ್ತಿ ಎತ್ತುವುದಿಲ್ಲ. ಗೋದಾಮಿನಲ್ಲೂ ಒಂದಿಷ್ಟು ಜಾಗ ಖಾಲಿ ಇರಲೇಬೇಕು. ನನಗೆ ಇದು ದಡ್ಡತನ ಅನ್ನಿಸುತ್ತಿತ್ತು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋಯಿತು. ಆಗಷ್ಟೇ ತುಂಬಿದ್ದ ಡ್ಯಾಮು. ರಿಪೇರಿಗೆ ಅರ್ಧಕ್ಕಿಂತ ಜಾಸ್ತಿ ನೀರು ಹೊರಗೆ ಬಿಡಬೇಕಂತೆ ಎಂಬ ಸುದ್ದಿ ಬೇರೆ. ಪೇಟೆಯಲ್ಲಿ ಒಂದೇ ಮಾತು: ಈ ಸಲ ನೆಲ್ಲು ಬರಲ್ಲ. 75 ಕೆಜಿ ಚೀಲದ ರೇಟು ಚಹಾ ಕುಡಿದು ಬರುವಷ್ಟರಲ್ಲಿ ಏರುತ್ತಿತ್ತು. ನಾನೂ ಹೆದರಿದೆ. "ಈಗ ತಗೊಳ್ಳದಿದ್ರ ಮಿಲ್ ಬಂದ್ ಮಾಡಬೇಕಾಗ್ತದ್ರಿ ಸಾವುಕಾರ್ರೇ" ಎಂದೆ.

"ನಿನ್ನ ಮಾತು ಸುಳ್ಳಾದ್ರ ಬಡ್ಡಿ ಯಾರು ಕಟ್ತಾರ?" ಎಂದರು. ನಾಲ್ಕು ಲಾರಿ ಮಾತ್ರ ತಗೊಂಡರು. ಅಷ್ಟು ಹೋದರೂ ಮಿಲ್ಲು ಮುಳುಗುವುದಿಲ್ಲ ಎಂಬ ಲೆಕ್ಕ.

ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ ಎಂಬ ಉಕ್ಕಿನ ತಡೆಗಳನ್ನು ಇಳಿಸಿ ಒಂದು ವಾರದಲ್ಲಿ ಗೇಟು ಹೋದ ಜಾಗವನ್ನು ಮುಚ್ಚಿದರು. ಸೆಪ್ಟೆಂಬರ್‌ನಲ್ಲಿ ಡ್ಯಾಮು ಮತ್ತೆ ತುಂಬಿತು. ಸುಗ್ಗಿಗೆ ನೆಲ್ಲು ರಾಶಿ ರಾಶಿ ಬಂತು, ರೇಟು ಇಳಿಯಿತು. ಆಗಸ್ಟಿನಲ್ಲಿ ಸಾಲ ಮಾಡಿ ಗೋದಾಮು ತುಂಬಿಸಿದವರ ಹತ್ತಿರ ಈಗ ದುಡ್ಡೂ ಇಲ್ಲ, ಜಾಗವೂ ಇಲ್ಲ. ನಮ್ಮ ಹತ್ತಿರ ಎರಡೂ ಇದ್ದವು. ತೇವ ನೋಡಿ, ಕಾಳು ನೋಡಿ, ಆರಿಸಿ ತಗೊಂಡೆವು. ಸೋನಾ ಮಸೂರಿಗೆ ವಯಸ್ಸಾದಷ್ಟೂ ಅನ್ನ ಉದುರುದುರಾಗುತ್ತದೆ. ಹಳೇ ಅಕ್ಕಿಗೆ ರೇಟೂ ಜಾಸ್ತಿ. ಹಾಗಾಗಿ ಮಾರಲು ಅವಸರವೇ ಇರಲಿಲ್ಲ.

ಇದನ್ನು ಜಾಣತನ ಎಂದು ಹೇಳಿಕೊಳ್ಳಲು ನನಗೆ ಸ್ವಲ್ಪ ಮುಜುಗರವೇ. ನಮಗೆ ಅಗ್ಗಕ್ಕೆ ಸಿಕ್ಕಿದ್ದು ಯಾರೋ ರೈತ ಅಗ್ಗಕ್ಕೆ ಕೊಟ್ಟಿದ್ದು. ಅವನಿಗೆ ಕಾಯಲು ಗೋದಾಮೂ ಇಲ್ಲ, ಸಾಲ ಕೊಟ್ಟವರು ಬಿಡುವುದೂ ಇಲ್ಲ.

ಮುಂದೇನಾಗುತ್ತದೆ ಎಂದು ಸಾವುಕಾರರಿಗೂ ಗೊತ್ತಿರಲಿಲ್ಲ. 2023ರ ಜುಲೈ 20ರಂದು ಕೇಂದ್ರ ಸರ್ಕಾರ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. 2024ರ ಸೆಪ್ಟೆಂಬರ್ 28ರಂದು ಮತ್ತೆ ಬಿಟ್ಟಿತು. ಎರಡೂ ಸಲ ನಮಗೆ ಗೊತ್ತಾಗಿದ್ದು ಮೊಬೈಲಿನಲ್ಲಿ ಸುದ್ದಿ ಬಂದಮೇಲೇ. ಸಾವುಕಾರರು ರೇಟು ಊಹಿಸುವ ಗೋಜಿಗೇ ಹೋಗುವುದಿಲ್ಲ. ಊಹೆ ತಪ್ಪಿದರೆ ಎಷ್ಟು ಹೋಗುತ್ತದೆ ಅಂತ ಮಾತ್ರ ಕೇಳುತ್ತಾರೆ.

2025ರಲ್ಲಿ ಗೇಟುಗಳನ್ನು ಬದಲಿಸಬೇಕು, ಎರಡನೇ ಬೆಳೆಗೆ ನೀರಿಲ್ಲ ಎಂದಾಗ ಪೇಟೆಯಲ್ಲಿ ಮತ್ತೆ ಅದೇ ಗದ್ದಲ. ಸಾವುಕಾರರು ನನ್ನ ಕಡೆ ನೋಡಿದರು. ನಾನು ಬಾಯಿ ಬಿಡದೆ ಮೊದಲು ಬಡ್ಡಿ ಲೆಕ್ಕ ಹಾಕಿ ಅವರ ಮುಂದಿಟ್ಟೆ.